ಕರ್ನಾಟಕ ಕ್ರಿಕೆಟ್ ತಂಡ

ಭಾರತದ ದೇಶೀಯ ಕ್ರಿಕೆಟ್‌ನಲ್ಲಿ ರಾಜ್ಯವನ್ನು ಪ್ರತಿನಿಧಿಸುವ ತಂಡ. 1973ರವರೆಗೆ ಮೈಸೂರು ತಂಡವೆಂದು ಹೆಸರು. ರಣಜಿ ಟ್ರೋಫಿಯನ್ನು ಎಂಟು ಸಲ ಗೆದ್ದಿದೆ: 1973-74, 1977-78, 1982-83, 1995-96, 1997-98, 1998-99, 2013-14 ಮತ್ತು 2014-15. ಒಂದು ದಿನದ ಪಂದ್ಯಗಳ ವಿಜಯ್ ಹಜಾರೆ ಟ್ರೋಫಿ 2024-25ರ ವರೆಗೆ ಐದು ಸಲ ಈ ತಂಡದ ಪಾಲಾಗಿದೆ. ಇಪ್ಪತ್ತು ಓವರುಗಳ ಸೈಯದ್ ಮುಷ್ತಾಕ್ ಅಲಿ ಟ್ರೋಫಿಯನ್ನು 2018-19 ಮತ್ತು 2019-20ರಲ್ಲಿ ಬೆನ್ನುಬೆನ್ನಿಗೆ ಗೆದ್ದಿತು. ರಣಜಿ ಗೆಲುವುಗಳ ಲೆಕ್ಕದಲ್ಲಿ ಮುಂಬಯಿ ಎಲ್ಲರಿಗಿಂತ ಬಹುದೂರ ಮುಂದಿದೆ. ಆ ಮುಂಬಯಿಯ ಎದುರಿಗೆ ನಿಂತು ಸೆಣಸಿದ ತಂಡಗಳಲ್ಲಿ ಕರ್ನಾಟಕದ್ದು ಮೊದಲ ಸಾಲಿನ ಹೆಸರು.

ಹೆಸರು ಇಡೀ ರಾಜ್ಯದ್ದಾದರೂ ಬಹುಕಾಲ ಇದು ಬೆಂಗಳೂರು, ಮೈಸೂರುಗಳ ಕ್ಲಬ್ಬುಗಳಿಂದಲೇ ಆಟಗಾರರನ್ನು ಪಡೆದ ತಂಡ. ಬೆಂಗಳೂರಿನಿಂದ ಐನೂರು ಕಿಲೋಮೀಟರಿಗೂ ಹೆಚ್ಚು ದೂರದ, ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿಯಂಥ ಊರುಗಳಿಗೆ ತಂಡವು ರೇಡಿಯೊ ಮತ್ತು ಪತ್ರಿಕೆಗಳ ಮೂಲಕ ಮೊದಲು ಪರಿಚಯವಾಯಿತು. ಆ ಕಡೆಯ ಹುಡುಗರು ತಂಡದೊಳಗೆ ಕಾಲಿಟ್ಟದ್ದು ತೀರ ಈಚೆಗೆ. ಈ ಅಂತರ ಎಷ್ಟು ಕಡಿಮೆಯಾಯಿತು, ಎಲ್ಲಿ ಹಾಗೆಯೇ ಉಳಿಯಿತು ಎಂಬುದನ್ನು ಬಿಟ್ಟರೆ ತಂಡದ ಚರಿತ್ರೆ ಬರಿ ಪ್ರಶಸ್ತಿಗಳ ಪಟ್ಟಿಯಾದೀತು.

ಮೈಸೂರು ತಂಡದ ಕಾಲ

ಮೈಸೂರು ರಾಜ್ಯ ಕ್ರಿಕೆಟ್ ಸಂಸ್ಥೆ ಹುಟ್ಟಿದ್ದು 1933ರಲ್ಲಿ. ಮರುವರ್ಷವೇ ರಣಜಿ ಟ್ರೋಫಿ ಆರಂಭವಾಯಿತು. ಆ ಪಂದ್ಯಾವಳಿಯ ಮೊಟ್ಟಮೊದಲ ಪಂದ್ಯ 1934ರ ನವೆಂಬರ್ 4ರಂದು ಮದ್ರಾಸಿನ ಚೆಪಾಕಿನಲ್ಲಿ, ಮದ್ರಾಸು ಮತ್ತು ಮೈಸೂರುಗಳ ನಡುವೆ ನಡೆಯಿತು. ಮೈಸೂರು 48 ಮತ್ತು 59 ರನ್ನಿಗೆ ಎರಡು ಸಲ ಉರುಳಿತು. 130 ರನ್ ಮಾಡಿದ್ದ ಮದ್ರಾಸು ಇನಿಂಗ್ಸ್ ಮತ್ತು 23 ರನ್‌ಗಳಿಂದ ಗೆದ್ದಿತು. ಎಡಗೈ ಸ್ಪಿನ್ನರ್ ಎ.ಜಿ. ರಾಮ್‌ಸಿಂಗ್ 35 ರನ್ನಿಗೆ 11 ವಿಕೆಟ್ ಪಡೆದರು. ಪಂದ್ಯ ಒಂದೇ ದಿನದಲ್ಲಿ ಮುಗಿದುಹೋಯಿತು. ಮುಂದೆ ಸ್ಪಿನ್ನಿನಿಂದಲೇ ಹೆಸರು ಮಾಡಿದ ತಂಡ ತನ್ನ ಮೊದಲ ಪೆಟ್ಟನ್ನು ಸ್ಪಿನ್ನಿನಿಂದಲೇ ತಿಂದದ್ದು ಸೋಜಿಗ.

1941-42ರಲ್ಲಿ ಮೈಸೂರು ಮೊದಲ ಬಾರಿಗೆ ಫೈನಲ್ ಮುಟ್ಟಿ ಮುಂಬಯಿಯ ಎದುರು ಇನಿಂಗ್ಸ್ ಮತ್ತು 281 ರನ್‌ಗಳಿಂದ ಸೋತಿತು. 1959-60ರ ಫೈನಲ್‌ನಲ್ಲೂ ಎದುರಾಳಿ ಮುಂಬಯಿಯೇ, ಫಲಿತಾಂಶವೂ ಇನಿಂಗ್ಸ್ ಸೋಲೇ. ಈ ಎರಡರ ನಡುವೆ, 1945-46ರಲ್ಲಿ, ಇಂದೂರಿನಲ್ಲಿ ಹೋಳ್ಕರ್ ತಂಡ ಮೈಸೂರಿನ ಎದುರು 8 ವಿಕೆಟ್ಟಿಗೆ 912 ರನ್ ಪೇರಿಸಿತು. ಒಂದೇ ಇನಿಂಗ್ಸ್‌ನಲ್ಲಿ ಆರು ಜನ ಶತಕ ಹೊಡೆದರು. ಲೆಗ್‌ಸ್ಪಿನ್ನರ್ ಬಿ.ಕೆ. ಗರುಡಾಚಾರ್ 69 ಓವರ್ ಎಸೆದು 301 ರನ್ ಕೊಟ್ಟು 4 ವಿಕೆಟ್ ಪಡೆದರು. ಅಷ್ಟು ದಣಿದ ಮನುಷ್ಯನೇ ಎರಡನೇ ಇನಿಂಗ್ಸ್‌ನಲ್ಲಿ 164 ರನ್ ಹೊಡೆದ. ಸೋಲಿನ ಪುಟಗಳಲ್ಲಿ ಹೂತುಹೋಗಿರುವ ಈ ಪ್ರಸಂಗ ಅನೇಕ ಗೆಲುವುಗಳಿಗಿಂತ ಹೆಚ್ಚು ನೆನೆಯತಕ್ಕದ್ದು.

ಆ ಕಾಲದ ಆಟ ಬಹುಪಾಲು ತೆಂಗಿನ ನಾರಿನ ಚಾಪೆ ಹಾಸಿದ ಪಿಚ್‌ಗಳ ಮೇಲೆ ನಡೆಯುತ್ತಿತ್ತು. ಚಾಪೆಯ ಮೇಲೆ ಚೆಂಡು ಹೆಚ್ಚು ಪುಟಿಯುತ್ತದೆ, ಹೆಚ್ಚು ತಿರುಗುತ್ತದೆ. ಬೌಲರನಿಗೆ ಅದು ಬೆರಳು ಮಣಿಕಟ್ಟುಗಳ ಬೆಲೆ ಕಲಿಸಿತು. ದಾಂಡಿಗನಿಗೆ ಎದೆಮಟ್ಟಕ್ಕೆ ಬರುವ ಚೆಂಡನ್ನು ಹಿಂದೆ ಸರಿದು ಕಟ್ ಮಾಡುವುದನ್ನು ಕಲಿಸಿತು. ಸ್ಪಿನ್ನರುಗಳಾದ ಪ್ರಸನ್ನ, ಚಂದ್ರಶೇಖರ್ ಮತ್ತು ದಾಂಡಿಗ ವಿಶ್ವನಾಥ್ ಒಂದೇ ತಲೆಮಾರಿನಲ್ಲಿ ಮೂಡಿಬಂದದ್ದಕ್ಕೆ ಈ ಚಾಪೆಯ ಪಾಠವೂ ಒಂದು ಕಾರಣವೆನ್ನಬಹುದು. ಕರಾವಳಿಯ ಮೂಲ್ಕಿಯ ಬುಧಿ ಕುಂದರನ್ ಈ ಮೂವರಿಗಿಂತ ಮೊದಲೇ ಭಾರತದ ವಿಕೆಟ್‌ಕೀಪರ್ ಆಗಿದ್ದರು. 1964ರಲ್ಲಿ ಮದ್ರಾಸಿನಲ್ಲಿ ಇಂಗ್ಲೆಂಡ್ ವಿರುದ್ಧ ಅವರು 192 ರನ್ ಹೊಡೆದರು.

ಮುಂಬಯಿ ಮುಗ್ಗರಿಸಿದ್ದು

ತಂಡದ ಚರಿತ್ರೆಯಲ್ಲಿ ಒಂದೇ ಒಂದು ಪಂದ್ಯ ಆರಿಸಬೇಕೆಂದರೆ 1974ರ ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ನಡೆದ ಸೆಮಿಫೈನಲ್ಲನ್ನೇ ಆರಿಸಬೇಕು. 1958-59ರಿಂದ ಸತತ ಹದಿನೈದು ವರ್ಷ ರಣಜಿ ಟ್ರೋಫಿ ಮುಂಬಯಿಯ ಕೈ ಬಿಟ್ಟಿರಲಿಲ್ಲ. ಹಿಂದಿನ ನವೆಂಬರ್ 1ರಂದಷ್ಟೇ ರಾಜ್ಯಕ್ಕೆ ಕರ್ನಾಟಕವೆಂದು ಹೆಸರಿಟ್ಟಿದ್ದರಿಂದ ತಂಡಕ್ಕೂ ಅದು ಹೊಸ ಹೆಸರಿನ ಮೊದಲ ಋತು. ಗುಂಡಪ್ಪ ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106, ಕರ್ನಾಟಕ 385. ಉತ್ತರವಾಗಿ ಬಂದ ಮುಂಬಯಿಯ ಸುನಿಲ್ ಗಾವಸ್ಕರ್‌ ಅವರನ್ನು ನಾಯಕ ಎರಪಳ್ಳಿ ಪ್ರಸನ್ನ ಬೌಲ್ಡ್ ಮಾಡಿದರು. ನೆಲೆಯೂರಿ ಆಡುತ್ತಿದ್ದ ನಾಯಕ ಅಜಿತ್ ವಾಡೇಕರ್ ಕಾಲು ಜಾರಿ ರನೌಟ್ ಆದರು. ಮುಂಬಯಿ 307ಕ್ಕೆ ನಿಂತಿತು. 78 ರನ್ನುಗಳ ಮೊದಲ ಇನಿಂಗ್ಸ್ ಮುನ್ನಡೆಯ ಮೇಲೆ ಕರ್ನಾಟಕ ಫೈನಲ್ ಸೇರಿತು. ಜೈಪುರದಲ್ಲಿ ರಾಜಸ್ಥಾನವನ್ನು 185 ರನ್‌ಗಳಿಂದ ಸೋಲಿಸಿ ಮೊದಲ ಬಾರಿಗೆ ಟ್ರೋಫಿ ಎತ್ತಿತು.

ಬೆಳಗಾವಿ ಜಿಲ್ಲೆಯ ಮಟ್ಟಿಗೆ ಈ ಗೆಲುವಿಗೆ ಇನ್ನೊಂದು ಮಗ್ಗುಲಿದೆ. 1956ರ ಏಕೀಕರಣದವರೆಗೆ ಗೋಕಾಕ, ಹುಕ್ಕೇರಿಗಳು ಮುಂಬಯಿ ಆಡಳಿತದಲ್ಲಿದ್ದವು. ಕಚೇರಿ, ವ್ಯಾಪಾರ, ನಾಟಕ, ಪತ್ರಿಕೆ ಎಲ್ಲದಕ್ಕೂ ಆ ಕಡೆ ನೋಡುವ ರೂಢಿ. ಕುಸ್ತಿಯ ಕಣ್ಣು ಕೊಲ್ಹಾಪುರದತ್ತ, ಕ್ರಿಕೆಟ್ಟಿನ ಕಣ್ಣು ಮುಂಬಯಿಯತ್ತ. ಹೊಸ ರಾಜ್ಯ ಸೇರಿ ಹದಿನೆಂಟು ವರ್ಷ ತುಂಬುವ ಮುನ್ನ ಹೊಸ ರಾಜ್ಯದ ತಂಡ ಹಳೆಯ ರಾಜಧಾನಿಯ ತಂಡವನ್ನು ಕೆಡವಿತು. ಏಕೀಕರಣದ ಇತಿಹಾಸ ಬರೆಯುವವರು ಕ್ರೀಡೆಯನ್ನು ಲೆಕ್ಕಕ್ಕೆ ಹಿಡಿಯುವುದು ಕಡಿಮೆ, ಹಿಡಿಯಬೇಕು.

ಪ್ರಸನ್ನ 1962ರಲ್ಲಿ ಟೆಸ್ಟ್ ಆಡಿದ ಮೇಲೆ ಎಂಜಿನಿಯರಿಂಗ್ ಓದಿಗಾಗಿ ದೂರ ಉಳಿದು 1967ರಲ್ಲಿ ಮತ್ತೆ ಭಾರತ ತಂಡಕ್ಕೆ ಬಂದವರು. ಇಪ್ಪತ್ತೇ ಟೆಸ್ಟುಗಳಲ್ಲಿ ನೂರು ವಿಕೆಟ್ ಮುಟ್ಟಿದರು. ಭಾರತೀಯರ ಮಟ್ಟಿಗೆ ಈ ದಾಖಲೆ 2013ರಲ್ಲಿ ಸ್ಪಿನ್ನರ್ ಆರ್. ಅಶ್ವಿನ್ ಮುರಿಯುವವರೆಗೆ ಉಳಿಯಿತು. 49 ಟೆಸ್ಟ್, 189 ವಿಕೆಟ್. ಚೆಂಡನ್ನು ಗಾಳಿಯಲ್ಲಿ ತೇಲಿಸಿ ದಾಂಡಿಗನನ್ನು ಮುಂದಕ್ಕೆ ಕರೆದು ಅಲ್ಲೇ ಮೋಸಗೊಳಿಸುವುದು ಅವರ ರೀತಿ. ಭಾಗವತ್ ಚಂದ್ರಶೇಖರ್ ಇದಕ್ಕೆ ತದ್ವಿರುದ್ಧ. ಎಳೆವೆಯಲ್ಲಿ ಪೋಲಿಯೊ ತಗುಲಿ ಸೊರಗಿದ ಬಲಗೈಯಿಂದಲೇ ಮಧ್ಯಮ ವೇಗದ ಬೌಲರನ ರಭಸದಲ್ಲಿ ಗೂಗ್ಲಿ, ಟಾಪ್‌ಸ್ಪಿನ್ ಎಸೆಯುತ್ತಿದ್ದರು. ಮುಂದಿನ ಚೆಂಡು ಏನಾದೀತೆಂಬುದು ದಾಂಡಿಗನಿಗೆ ಇರಲಿ, ವಿಕೆಟ್‌ಕೀಪರನಿಗೂ ಖಚಿತವಿರುತ್ತಿರಲಿಲ್ಲ. 1971ರಲ್ಲಿ ಓವಲ್ ಮೈದಾನದಲ್ಲಿ 38 ರನ್ನಿಗೆ 6 ವಿಕೆಟ್ ಪಡೆದು ಇಂಗ್ಲೆಂಡ್ ನೆಲದಲ್ಲಿ ಭಾರತದ ಮೊದಲ ಸರಣಿ ಗೆಲುವಿಗೆ ದಾರಿ ಮಾಡಿದರು. 58 ಟೆಸ್ಟುಗಳಲ್ಲಿ 242 ವಿಕೆಟ್. ಇವರಿಬ್ಬರ ನೆರಳಿನಲ್ಲಿ ರಾಜ್ಯಕ್ಕಾಗಿ ವರ್ಷಗಟ್ಟಲೆ ದುಡಿದ ಎಡಗೈ ಸ್ಪಿನ್ನರ್ ಬಿ. ವಿಜಯಕೃಷ್ಣರಿಗೆ ಭಾರತದ ಟೋಪಿ ಸಿಗಲೇ ಇಲ್ಲ.

ವಿಶ್ವನಾಥ್ ಭದ್ರಾವತಿಯಲ್ಲಿ ಹುಟ್ಟಿದವರು. 1967ರಲ್ಲಿ ಆಂಧ್ರದ ಎದುರು ಆಡಿದ ಮೊದಲ ಪ್ರಥಮ ದರ್ಜೆ ಪಂದ್ಯದಲ್ಲೇ 230 ಹೊಡೆದರು. 1969ರಲ್ಲಿ ಕಾನ್ಪುರದಲ್ಲಿ ಮೊದಲ ಟೆಸ್ಟ್: ಮೊದಲ ಇನಿಂಗ್ಸ್‌ನಲ್ಲಿ ಸೊನ್ನೆ, ಎರಡನೆಯದರಲ್ಲಿ 137. ಟೆಸ್ಟ್‌ನಲ್ಲಿ 6080 ರನ್ ಗಳಿಸಿದರೂ ಅವರನ್ನು ಮೊತ್ತದಿಂದ ಅಳೆದವರು ಯಾರೂ ಇಲ್ಲ, ಅಳೆದದ್ದು ಸ್ಕ್ವೇರ್ ಕಟ್ಟಿನಿಂದ. 1977-78ರ ಫೈನಲ್‌ನಲ್ಲಿ ಉತ್ತರ ಪ್ರದೇಶದ ಎದುರು 247 ಹೊಡೆದು ತಂಡಕ್ಕೆ ಎರಡನೇ ಟ್ರೋಫಿ ತಂದರು.

ಎಂಬತ್ತರ ದಶಕ

1981-82ರ ಸೆಮಿಫೈನಲ್‌ನಲ್ಲಿ ಬೆಂಗಳೂರಿನ ಪಿಚ್ ಪುಡಿಯಾಗುತ್ತಿತ್ತು. ಎಡಗೈ ಸ್ಪಿನ್ನರ್ ರಘುರಾಮ್ ಭಟ್ ಹ್ಯಾಟ್ರಿಕ್ ಸಹಿತ 123 ರನ್ನಿಗೆ 8 ವಿಕೆಟ್ ಪಡೆದು ಮುಂಬಯಿಯನ್ನು ಕಟ್ಟಿಹಾಕಿದರು. ಎರಡನೇ ಇನಿಂಗ್ಸ್‌ನಲ್ಲಿ ಗಾವಸ್ಕರ್ ಭಟ್ಟರ ಎಸೆತಗಳನ್ನು ಎಡಗೈ ದಾಂಡಿಗನಾಗಿ ನಿಂತು ಎದುರಿಸಿದರು! ಹೊರಗೆ ತಿರುಗುವ ಚೆಂಡು ಎಡಗೈಯವನಿಗೆ ಒಳಗೆ ಬರುತ್ತದೆ, ಕಾಲು ಕೊಟ್ಟು ತಡೆಯಬಹುದೆಂಬ ಲೆಕ್ಕ. ಮಿಕ್ಕ ಬೌಲರುಗಳಿಗೆ ಮತ್ತೆ ಬಲಗೈ. ಭಟ್ಟರಿಗೆ ಭಾರತದ ಪರ ಸಿಕ್ಕಿದ್ದು ಎರಡೇ ಟೆಸ್ಟ್. ಆದರೆ ಜಗತ್ತಿನ ಅತ್ಯುತ್ತಮ ಆರಂಭಿಕನನ್ನು ಕೈ ಬದಲಿಸುವಂತೆ ಮಾಡಿದ ಬೌಲರ್ ಬೇರೊಬ್ಬನಿಲ್ಲ.

ಅದೇ ಋತುವಿನ ಫೈನಲ್ ದೆಹಲಿಯಲ್ಲಿ. ಕರ್ನಾಟಕ 705 ರನ್ ಹೊಡೆದು ಟ್ರೋಫಿ ಕೈಗೆ ಬಂತೆಂದುಕೊಂಡಿತು. ದೆಹಲಿ 589ಕ್ಕೆ 8 ವಿಕೆಟ್ ಕಳೆದುಕೊಂಡಾಗಲೂ ಹಾಗೆಯೇ ಅನಿಸಿತ್ತು. ಒಂಬತ್ತನೇ ವಿಕೆಟ್ಟಿಗೆ ರಾಕೇಶ್ ಶುಕ್ಲಾ ಮತ್ತು ರಾಜೇಶ್ ಪೀಟರ್ ಮುರಿಯದ ಜೊತೆಯಾಟವಾಡಿ 707 ಮುಟ್ಟಿಸಿಬಿಟ್ಟರು. ಏಳುನೂರು ಹೊಡೆದೂ ಸೋತ ಸಂಕಟಕ್ಕೆ ಮರುವರ್ಷವೇ ಮದ್ದು ಸಿಕ್ಕಿತು: ಬರೋಡಾದಲ್ಲಿ ಹುಟ್ಟಿ ಕರ್ನಾಟಕದವರೇ ಆದ ಬ್ರಿಜೇಶ್ ಪಟೇಲರ ನಾಯಕತ್ವದಲ್ಲಿ ಮುಂಬಯಿಯನ್ನು ಅದರ ಮನೆಯಂಗಳದಲ್ಲೇ ಮೊದಲ ಇನಿಂಗ್ಸ್ ಮುನ್ನಡೆಯಿಂದ ಹಿಂದಿಕ್ಕಿ ಮೂರನೇ ಟ್ರೋಫಿ.

1983ರ ವಿಶ್ವಕಪ್ ತಂಡದಲ್ಲಿ ಇಬ್ಬರು ಕನ್ನಡ ನಾಡಿನವರಿದ್ದರು. ರೋಜರ್ ಬಿನ್ನಿ 18 ವಿಕೆಟ್ ಪಡೆದು ಪಂದ್ಯಾವಳಿಯಲ್ಲೇ ಮೊದಲಿಗರಾದರು. ಸೈಯದ್ ಕಿರ್ಮಾನಿ ಅತ್ಯುತ್ತಮ ವಿಕೆಟ್‌ಕೀಪರ್ ಎನಿಸಿದರು. ಜಿಂಬಾಬ್ವೆ ಎದುರು ಕಪಿಲ್ ದೇವ್ ಆಡಿದ 175ರ ಆಟವನ್ನು ಎಲ್ಲರೂ ಹಾಡುತ್ತಾರೆ. ಇನ್ನೊಂದು ತುದಿಯಲ್ಲಿ ಒಂಬತ್ತನೇ ವಿಕೆಟ್ಟಿಗೆ 126 ರನ್ ಸೇರುವತನಕ ಅಲುಗದೆ ನಿಂತ ಕಿರ್ಮಾನಿಯ 24ನ್ನು ನೆನೆಯುವವರು ಕಡಿಮೆ.

ತೊಂಬತ್ತರ ದಶಕ ಮತ್ತು ಗದಗಿನ ಹುಡುಗ

ಮೈಸೂರಿನ ಜಾವಗಲ್ ಶ್ರೀನಾಥ್ 1989ರಲ್ಲಿ ಹೈದರಾಬಾದ್ ಎದುರು ಆಡಿದ ಮೊದಲ ಪ್ರಥಮ ದರ್ಜೆ ಪಂದ್ಯದಲ್ಲೇ ಹ್ಯಾಟ್ರಿಕ್ ಪಡೆದಾಗ ಸ್ಪಿನ್ನರುಗಳ ನಾಡಿಗೆ ವೇಗದ ಬೌಲರ್ ಸಿಕ್ಕಿದ. ವೆಂಕಟೇಶ್ ಪ್ರಸಾದ್, ದೊಡ್ಡ ಗಣೇಶ್, ಡೇವಿಡ್ ಜಾನ್ಸನ್ ಬೆನ್ನಿಗೆ ಬಂದರು. ಕಾಸರಗೋಡಿನ ಕುಂಬಳೆಯನ್ನು ಹೆಸರಿನಲ್ಲಿ ಹೊತ್ತ ಅನಿಲ್ ಕುಂಬ್ಳೆ, ರಾಹುಲ್ ದ್ರಾವಿಡ್ ಜೊತೆಗೂಡಿದರು. ಭಾರತ ತಂಡದ ಅರ್ಧದಷ್ಟು ಕನ್ನಡದಲ್ಲೇ ಮಾತಾಡಿಕೊಳ್ಳುತ್ತದೆ ಎಂದು ಅಭಿಮಾನಿಗಳು ಹಿಗ್ಗಿದ ಕಾಲ ಅದು. 1996ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ ಆಸ್ಟ್ರೇಲಿಯಾ ಎದುರು ಸಚಿನ್ ತೆಂಡೂಲ್ಕರ್ 88ಕ್ಕೆ ಔಟಾದಾಗ ಟಿ.ವಿ. ಆರಿಸಿದವರು ನಿರಾಶರಾಗಿ ಎದ್ದರು. ಆರಿಸದವರು ಶ್ರೀನಾಥ್ ಮತ್ತು ಕುಂಬ್ಳೆ 52 ರನ್ ಸೇರಿಸಿ ಪಂದ್ಯ ಗೆಲ್ಲಿಸಿದ್ದನ್ನು ನೋಡಿದರು. 1999ರ ಫೆಬ್ರುವರಿ 7ರಂದು ದೆಹಲಿಯಲ್ಲಿ ಕುಂಬ್ಳೆ ಪಾಕಿಸ್ತಾನದ ಹತ್ತೂ ವಿಕೆಟ್ಟುಗಳನ್ನು 74 ರನ್ನಿಗೆ ಪಡೆದಾಗ ಇನ್ನೊಂದು ತುದಿಯಿಂದ ವಿಕೆಟ್ ಬೀಳದಂತೆ ಬೇಕೆಂದೇ ಹೊರಗೆ ಎಸೆಯುತ್ತಿದ್ದವರು ಶ್ರೀನಾಥ್. ಕುಂಬ್ಳೆಯ 619 ಟೆಸ್ಟ್ ವಿಕೆಟ್, ದ್ರಾವಿಡ್‌ರ 13,288 ಟೆಸ್ಟ್ ರನ್ ಶಾಲೆಯ ಮಕ್ಕಳಿಗೂ ಬಾಯಿಪಾಠ.

ಉತ್ತರ ಕರ್ನಾಟಕದ ಲೆಕ್ಕದಲ್ಲಿ ಈ ದಶಕದ ಮುಖ್ಯ ಹೆಸರು ಗದಗಿನ ಸುನಿಲ್ ಜೋಶಿ. ಗದಗಿನಲ್ಲಿ ಅಭ್ಯಾಸಕ್ಕೆ ತಕ್ಕ ವ್ಯವಸ್ಥೆ ಇರಲಿಲ್ಲ. ಹುಡುಗ ಬೆಳಗಿನ ಜಾವ ಹುಬ್ಬಳ್ಳಿಗೆ ಹೋಗಿ ಅಭ್ಯಾಸ ಮುಗಿಸಿ ಶಾಲೆಯ ಹೊತ್ತಿಗೆ ಊರಿಗೆ ಮರಳುತ್ತಿದ್ದ. 1995-96ರ ರಣಜಿಯಲ್ಲಿ 529 ರನ್, 52 ವಿಕೆಟ್. ಒಂದೇ ಋತುವಿನಲ್ಲಿ ಐನೂರು ರನ್ನು, ಐವತ್ತು ವಿಕೆಟ್ಟು ಎರಡನ್ನೂ ಮುಟ್ಟಿದವರು ಅವರಿಗಿಂತ ಮೊದಲು ಯಾರೂ ಇರಲಿಲ್ಲ. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ಎದುರು ಹತ್ತು ಓವರ್, ಆರು ಮೇಡನ್, ಆರು ರನ್, ಐದು ವಿಕೆಟ್. ಹದಿನೈದು ಟೆಸ್ಟುಗಳಿಗೇ ಅವರ ಅಂತರರಾಷ್ಟ್ರೀಯ ಲೆಕ್ಕ ಮುಗಿಯಿತು, ಕುಂಬ್ಳೆಯಿದ್ದ ಕಾಲದಲ್ಲಿ ಸ್ಪಿನ್ನರನಾಗಿ ಹುಟ್ಟಿದ್ದು ಅದಕ್ಕೊಂದು ಕಾರಣ. 2020ರಲ್ಲಿ ಅವರು ರಾಷ್ಟ್ರೀಯ ಆಯ್ಕೆ ಸಮಿತಿಯ ಅಧ್ಯಕ್ಷರಾದರು. ಗೋಕಾಕ, ಹುಕ್ಕೇರಿಗಳ ತಂದೆತಾಯಂದಿರು ಮಗನನ್ನು ಬೆಳಗಾವಿಯ ಕ್ರಿಕೆಟ್ ಶಿಬಿರಕ್ಕೆ ಕಳಿಸುವ ಮುನ್ನ ಎದುರಿಗಿಟ್ಟುಕೊಳ್ಳಬಹುದಾದ ಮೊದಲ ಉದಾಹರಣೆ ಇವರೇ.

1998-99ರ ಫೈನಲ್ ಬೆಂಗಳೂರಿನಲ್ಲಿ ಮಧ್ಯಪ್ರದೇಶದ ಎದುರು. ಮೊದಲ ಇನಿಂಗ್ಸ್‌ನಲ್ಲಿ 75 ರನ್ ಮುಂದಿದ್ದ ಮಧ್ಯಪ್ರದೇಶಕ್ಕೆ ಡ್ರಾ ಸಾಕಿತ್ತು. ಕೊನೆಯ ದಿನ ವಿಜಯ್ ಭಾರದ್ವಾಜ್ ತಮ್ಮ ಆಫ್‌ಸ್ಪಿನ್ನಿನಿಂದ 24 ರನ್ನಿಗೆ 6 ವಿಕೆಟ್ ಕಿತ್ತು ತಂಡಕ್ಕೆ 96 ರನ್‌ಗಳ ಗೆಲುವು ತಂದರು. ಅಂದು ಸೋತ ನಾಯಕ ಚಂದ್ರಕಾಂತ್ ಪಂಡಿತ್ 2022ರಲ್ಲಿ ಅದೇ ಮೈದಾನಕ್ಕೆ ಮಧ್ಯಪ್ರದೇಶದ ತರಬೇತುದಾರರಾಗಿ ಬಂದು ರಣಜಿ ಗೆದ್ದು ಕಣ್ಣೀರಿಟ್ಟರು.

ಬರಗಾಲ, ಮತ್ತೆ ಫಸಲು

ಆಮೇಲೆ ಹದಿನಾಲ್ಕು ವರ್ಷ ರಣಜಿ ಬರಲಿಲ್ಲ. 2010ರ ಜನವರಿಯಲ್ಲಿ ಮೈಸೂರಿನ ಮಾನಸಗಂಗೋತ್ರಿಯ ಮೈದಾನದಲ್ಲಿ ಮುಂಬಯಿ ಎದುರಿನ ಫೈನಲ್ ನೋಡಲು ಮರದ ಕೊಂಬೆಗಳ ಮೇಲೂ ಜನ. 338ರ ಗುರಿ ಬೆನ್ನಟ್ಟಿ ಮನೀಶ್ ಪಾಂಡೆ 144 ಹೊಡೆದರು. ತಂಡ 331ಕ್ಕೆ ಮುಗಿದು ಆರು ರನ್ನುಗಳಿಂದ ಸೋತಿತು. ಅದೇ ವರ್ಷದ ಕೊನೆಗೆ ಕುಂಬ್ಳೆ ರಾಜ್ಯ ಕ್ರಿಕೆಟ್ ಸಂಸ್ಥೆಯ ಅಧ್ಯಕ್ಷರಾಗಿ, ಶ್ರೀನಾಥ್ ಕಾರ್ಯದರ್ಶಿಯಾಗಿ ಆರಿಸಿ ಬಂದರು. ಆಟ ಬಿಟ್ಟವರು ಆಡಳಿತ ಹಿಡಿದರೆ ಒಳಿತಾಗುತ್ತದೆಂಬ ಖಾತರಿ ಎಲ್ಲೂ ಇಲ್ಲ. ಇಲ್ಲಿ ಮಾತ್ರ ಅವರ ಅವಧಿ ಮುಗಿಯುವ ಹೊತ್ತಿಗೆ ತಂಡ ಎದ್ದು ನಿಂತಿತ್ತು.

ಎಬ್ಬಿಸಿ ನಿಲ್ಲಿಸಿದ ನಾಯಕ ದಾವಣಗೆರೆಯ ಆರ್. ವಿನಯ್ ಕುಮಾರ್. ವೇಗ ಹೆಚ್ಚಿಲ್ಲದ, ಸ್ವಿಂಗ್ ಮತ್ತು ತಾಳ್ಮೆಯನ್ನೇ ನೆಚ್ಚಿದ ಬೌಲರ್. ಅಭಿಮನ್ಯು ಮಿಥುನ್, ಎಸ್. ಅರವಿಂದ್ ಅವರ ಜೊತೆಗಾರರು. 2013-14 ಮತ್ತು 2014-15, ಎರಡೂ ಋತುಗಳಲ್ಲಿ ರಣಜಿ, ಇರಾನಿ ಕಪ್, ವಿಜಯ್ ಹಜಾರೆ ಮೂರನ್ನೂ ಕರ್ನಾಟಕ ಬಾಚಿಕೊಂಡಿತು. ಸುರತ್ಕಲ್ಲಿನಲ್ಲಿ ಆಡಿ ಬೆಳೆದ ಕೆ.ಎಲ್. ರಾಹುಲ್ 2015ರ ಜನವರಿಯಲ್ಲಿ ಉತ್ತರ ಪ್ರದೇಶದ ಎದುರು 337 ಹೊಡೆದು ರಾಜ್ಯದ ಮೊದಲ ತ್ರಿಶತಕವೀರರಾದರು. ಎರಡೇ ತಿಂಗಳಲ್ಲಿ, ಮುಂಬಯಿಯಲ್ಲಿ ತಮಿಳುನಾಡಿನ ಎದುರು ನಡೆದ ಫೈನಲ್‌ನಲ್ಲಿ, ಕರುಣ್ ನಾಯರ್ 328 ಹೊಡೆದರು. ರಣಜಿ ಫೈನಲ್‌ಗಳಲ್ಲಿ ಗುಲ್ ಮಹಮ್ಮದ್ 1947ರಲ್ಲಿ ಬರೋಡಾಕ್ಕಾಗಿ ಹೊಡೆದಿದ್ದ 319 ಅಲ್ಲಿಗೆ ಹಿಂದಾಯಿತು. ವಿನಯ್ ಅದೇ ಪಂದ್ಯದಲ್ಲಿ ಐದು ವಿಕೆಟ್ ಪಡೆದು ಶತಕವನ್ನೂ ಹೊಡೆದರು. ಕರ್ನಾಟಕ 762, ಗೆಲುವು ಇನಿಂಗ್ಸ್ ಮತ್ತು 217 ರನ್. 2016ರಲ್ಲಿ ಚೆನ್ನೈ ಟೆಸ್ಟ್‌ನಲ್ಲಿ ಅಜೇಯ 303 ಹೊಡೆದ ಇದೇ ನಾಯರ್‌ಗೆ ಕೆಲವು ವರ್ಷಗಳ ಮೇಲೆ ರಾಜ್ಯ ತಂಡದಲ್ಲೇ ಜಾಗ ಸಿಗಲಿಲ್ಲ. ವಿದರ್ಭಕ್ಕೆ ಹೋಗಿ 2024-25ರ ರಣಜಿ ಗೆದ್ದುಕೊಟ್ಟರು.

ಮಹಿಳೆಯರು

ಮಹಿಳಾ ಕ್ರಿಕೆಟ್‌ನಲ್ಲೂ ರಾಜ್ಯದ ಪಾಲು ಹಳೆಯದು. ಬೆಂಗಳೂರಿನ ಶಾಂತಾ ರಂಗಸ್ವಾಮಿ 1976ರಲ್ಲಿ ಭಾರತದ ಮೊದಲ ಮಹಿಳಾ ಟೆಸ್ಟ್ ತಂಡದ ನಾಯಕಿ. ಮಹಿಳಾ ಟೆಸ್ಟ್‌ನಲ್ಲಿ ಭಾರತದ ಮೊದಲ ಶತಕವೂ ಅವರದೇ. ಕಡೂರಿನ ವೇದಾ ಕೃಷ್ಣಮೂರ್ತಿ ನಂತರದ ತಲೆಮಾರಿನವರು. ವಿಜಯಪುರದ ರಾಜೇಶ್ವರಿ ಗಾಯಕವಾಡ ಶಾಲೆಯಲ್ಲಿ ಈಟಿ, ಚಕ್ರ ಎಸೆಯುತ್ತಿದ್ದವರು. ಊರಿನಲ್ಲಿ ಹೆಣ್ಣುಮಕ್ಕಳ ಕ್ರಿಕೆಟ್ ತರಬೇತಿ ಶುರುವಾದಾಗ ಚೆಂಡು ಹಿಡಿದರು. 2017ರ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ಎದುರು 15 ರನ್ನಿಗೆ 5 ವಿಕೆಟ್ ಪಡೆದು ಭಾರತವನ್ನು ಸೆಮಿಫೈನಲ್ಲಿಗೆ ದಾಟಿಸಿದರು.

ಘಟಪ್ರಭಾ ನದಿಯ ದಂಡೆಯಲ್ಲಿ

ರಾಜ್ಯ ಸಂಸ್ಥೆಯ ಹಂಚಿಕೆಯಲ್ಲಿ ಬೆಳಗಾವಿ ಜಿಲ್ಲೆ ಧಾರವಾಡ ವಲಯಕ್ಕೆ ಸೇರಿದೆ. ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ಹಳೆಯ ಗೌರವ ಗರಡಿಮನೆಗೆ, ಜಾತ್ರೆಯ ಜಂಗೀ ಕುಸ್ತಿಗೆ. ಕ್ರಿಕೆಟ್ಟೆಂದರೆ ಬಹುಪಾಲು ಟೆನಿಸ್ ಚೆಂಡಿನ ಟೂರ್ನಮೆಂಟು. ಕಬ್ಬು ಕಡಿದ ಹೊಲದಲ್ಲೋ ಶಾಲೆಯ ಬಯಲಿನಲ್ಲೋ ಹಗ್ಗ ಎಳೆದು ಬೌಂಡರಿ ಗುರುತಿಸಿದರೆ ಮೈದಾನ ಸಿದ್ಧ. ಟೆನಿಸ್ ಚೆಂಡಿನಲ್ಲಿ ಪಳಗಿದ ಕೈ ಚರ್ಮದ ಚೆಂಡಿಗೆ ಒಗ್ಗಲು ಟರ್ಫ್ ಪಿಚ್ ಬೇಕು, ದಿನವೂ ನೋಡುವ ಕೋಚ್ ಬೇಕು. ಆ ಎರಡೂ ಇರುವುದು ಬೆಳಗಾವಿಯಲ್ಲಿ. ಪ್ರತಿಭೆಯ ಕೊರತೆಯ ಮಾತು ಆಡುವವರು ಮೊದಲು ಬಸ್ಸಿನ ವೇಳಾಪಟ್ಟಿ ನೋಡಬೇಕು.

ಬೆಳಗಾವಿಯ ಆಟೊ ನಗರದಲ್ಲಿ ರಾಜ್ಯ ಸಂಸ್ಥೆಯ ಕ್ರೀಡಾಂಗಣ ಎದ್ದ ಮೇಲೆ ಚಿತ್ರ ಸ್ವಲ್ಪ ಬದಲಾಯಿತು. 2018ರ ನವೆಂಬರಿನಲ್ಲಿ ಅಲ್ಲಿ ಕರ್ನಾಟಕ ಮತ್ತು ಮುಂಬಯಿ ರಣಜಿ ಪಂದ್ಯ ಆಡಿದವು. ಬೆಳಗಾವಿಯಲ್ಲೇ ಹುಟ್ಟಿದ ವೇಗದ ಬೌಲರ್ ರೋನಿತ್ ಮೋರೆ ತವರಿನ ಜನರೆದುರು ಮುಂಬಯಿಯ ಐದು ವಿಕೆಟ್ ಕಿತ್ತರು. ಮರುವರ್ಷ ಭಾರತ ‘ಎ’ ಮತ್ತು ಶ್ರೀಲಂಕಾ ‘ಎ’ ತಂಡಗಳು ಬಂದವು. ಅಭಿಮನ್ಯು ಈಶ್ವರನ್ ಮತ್ತು ಪ್ರಿಯಾಂಕ್ ಪಾಂಚಾಲ್ ಮೊದಲ ವಿಕೆಟ್ಟಿಗೆ 352 ರನ್ ಸೇರಿಸಿದ್ದು ಇದೇ ಮೈದಾನದಲ್ಲಿ.

2009ರಲ್ಲಿ ಶುರುವಾದ ಕರ್ನಾಟಕ ಪ್ರೀಮಿಯರ್ ಲೀಗ್‌ನಲ್ಲಿ ಬೆಳಗಾವಿ ಪ್ಯಾಂಥರ್ಸ್ ಎಂಬ ತಂಡವಿತ್ತು. ಜಿಲ್ಲೆಯ ಹೆಸರು ಹೊತ್ತ ತಂಡ ಟಿ.ವಿ.ಯಲ್ಲಿ ಕಾಣಿಸಿದ್ದು ಆಗಲೇ. 2019ರಲ್ಲಿ ಲೀಗ್ ಬೆಟ್ಟಿಂಗ್ ಮತ್ತು ಮೋಸದಾಟದ ತನಿಖೆಗೆ ಸಿಕ್ಕಿ ನಿಂತುಹೋಯಿತು. ಅದರ ಜಾಗಕ್ಕೆ 2022ರಲ್ಲಿ ಬಂದ ಮಹಾರಾಜ ಟ್ರೋಫಿಯಲ್ಲಿ ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಕಲಬುರಗಿ, ಮಂಗಳೂರು, ಶಿವಮೊಗ್ಗ ಹೆಸರಿನ ಆರು ತಂಡಗಳಿದ್ದವು. ಬೆಳಗಾವಿಯ ಹೆಸರಿನ ತಂಡ ಅದರಲ್ಲಿರಲಿಲ್ಲ.